ಮುರುಗಲು ಕೆಂಪು

ಕರ್ಕಿಯ ನಮ್ಮ ಕೇರಿಯಲ್ಲಿ ಮಾಸ್ತರು ಬರುತ್ತಿದ್ದಾರೆಂಬ ಸುಳಿವು ಸಿಕ್ಕರೆ ಸಾಕು, ಹೆಂಗಸರು ಮೊದಲು ತರಕಾರಿ ಹೆಚ್ಚುವ ಮೆಟ್ಟುಗತ್ತಿ ಅಡಗಿಸುತ್ತಿದ್ದರು. ಈ ಮನುಷ್ಯ ಯಾರ ಮನೆಗೆ ಹೋದರೂ ಜಗಲಿಯಲ್ಲಿ ಕೂರುವವರಲ್ಲ. ಕೊಟ್ಟ ನೀರನ್ನು ಅಲ್ಲೇ ಬಿಟ್ಟು ಸೀದಾ ಅಡುಗೆಮನೆಗೆ ನುಗ್ಗಿ, ಕತ್ತಿಯ ಬಾಯಿಗೆ ಹೆಬ್ಬೆರಳಿನ ಉಗುರು ತಾಗಿಸಿ ನೋಡಿ, "ಇದ್ರಲ್ಲಿ ಬಸಳೆ ಕೊಯ್ಯೂದಾ, ಜಜ್ಜೂದಾ?" ಎಂದು ಮನೆಯೊಡತಿಯ ಮುಖಕ್ಕೇ ಕೇಳುವವರು. ಸೋದರಳಿಯನಿಗೆ ಹೆಣ್ಣು ನೋಡಲು ಶಿರಾಲಿಗೆ ಹೋದಾಗಲೂ ಇದೇ ಕತೆ. ಹುಡುಗಿ ಚಾ ತಟ್ಟೆ ಹಿಡಿದು ಹೊರಗೆ ಬಂದಾಗ ಇವರು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಆ ಮನೆಯ ಕತ್ತಿಯನ್ನು ಕಲ್ಲಿಗೆ ಉಜ್ಜುತ್ತಿದ್ದರಂತೆ. ಹೆಣ್ಣು ಹೇಗೆ ಎಂದು ಕೇಳಿದ್ದಕ್ಕೆ, "ಹುಡುಗಿ ಅಡ್ಡಿಲ್ಲ, ಕತ್ತಿ ಮೊಂಡು" ಎಂದರಂತೆ. ಸಂಬಂಧ ಕೂಡಿತು. ಆ ಹುಡುಗಿ ಈಗ ಎರಡು ಮಕ್ಕಳ ತಾಯಿ, ಇವರು ಮನೆಗೆ ಬರುತ್ತಿದ್ದಷ್ಟು ದಿನವೂ ಅವಳೂ ಕತ್ತಿ ಅಡಗಿಸುತ್ತಲೇ ಇದ್ದಳು.

ಅವರು ತೀರಿಕೊಂಡು ಕೆಲವು ವರ್ಷಗಳಾದವು. ಈ ಬೇಸಿಗೆಯಲ್ಲಿ ಅವರ ಹೆಂಡತಿಯೂ ಹೋದರು. ಮಕ್ಕಳಿರಲಿಲ್ಲ. ಇನ್ನು ನಾನು ಬರೆದರೆ ಯಾರ ಮನಸ್ಸೂ ನೋಯಲಿಕ್ಕಿಲ್ಲ ಅನಿಸಿ ಬರೆಯುತ್ತಿದ್ದೇನೆ. ಆದರೂ ಹೆಸರು ಬೇಡ. ಊರೆಲ್ಲ ಅವರನ್ನು ಮಾಸ್ತರು ಎಂದೇ ಕರೆಯುತ್ತಿತ್ತು, ನನಗೂ ಅದೇ ರೂಢಿ. ಕುಮಟಾದಲ್ಲಿ ಹುಡುಗರಿಗೆ ಕಬ್ಬಿಣದ ಕೆಲಸ ಕಲಿಸುವ ತರಬೇತಿ ಶಾಲೆಯೊಂದರಲ್ಲಿ ಕುಲುಮೆಯ ಮಾಸ್ತರಾಗಿದ್ದವರು ಅವರು. ನಾನು ಹೊನ್ನಾವರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನಮ್ಮಿಬ್ಬರ ಮನೆಗಳ ನಡುವೆ ಒಂದು ಪಾಗಾರ ಮಾತ್ರ. ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಅನ್ನುವುದು ವಾಡಿಕೆ. ಹಾಗಾಗಿ ಪಾಗಾರದ ಆಚೆಯಿಂದ "ಅಕ್ಕೋರೇ" ಎಂಬ ಕೂಗು ಬಂತೆಂದರೆ ನನಗೆ ಗೊತ್ತಾಗುತ್ತಿತ್ತು, ಇವತ್ತು ನನ್ನ ಅಡುಗೆ ಹೊತ್ತಿದ ಹಾಗೇ.

ಸೌಮ್ಯ ಸ್ವಭಾವ, ವಿನಯ, ಇಂಥವೆಲ್ಲ ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಜಂಬದ ಮನುಷ್ಯ. ಕಿಡಿ ಹಾರಿ ತೂತಾದ ಅಂಗಿಗಳನ್ನು ಮದುವೆಮನೆಗೂ ಹಾಕಿಕೊಂಡು ಬರುತ್ತಿದ್ದರು, ಜನ ನೋಡಲಿ ಎಂದೇ. ತಪ್ಪು ಒಪ್ಪಿಕೊಳ್ಳುವುದಂತೂ ಅವರ ಜಾತಕದಲ್ಲೇ ಇರಲಿಲ್ಲ. ಬಸ್ಸು ತಪ್ಪಿದರೆ ಡ್ರೈವರನ ತಪ್ಪು, ಸಾರಿಗೆ ಉಪ್ಪು ಹೆಚ್ಚಾದರೆ ಉಪ್ಪಿನ ತಪ್ಪು.

ಅವರಿಗೆ ಗೆರೆ ಇರುವ ಕತ್ತಿಯ ಹುಚ್ಚು ಹಿಡಿದದ್ದು ಭಟ್ಕಳದಲ್ಲಿ. ಅಲ್ಲಿ ಅವರಿಗೊಬ್ಬ ಹಳೆಯ ಗೆಳೆಯರಿದ್ದರು, ಗುಜರಿ ಸಾಮಾನಿನ ವ್ಯಾಪಾರದ ಸಾಹೇಬರು. ಹಳೆಯ ಮನೆ ಒಡೆದಲ್ಲಿ ಬಾಗಿಲು, ಕೀಲು, ಮೊಳೆ, ತಾಮ್ರದ ಹಂಡೆ ಎಲ್ಲ ಎತ್ತಿಕೊಂಡು ಬರುವವರು. ಒಂದು ಮನೆಯ ಅಟ್ಟದಲ್ಲಿ ಅವರಿಗೊಂದು ಚೂರಿ ಸಿಕ್ಕಿತು. ಮಾಸ್ತರನ್ನು ಕರೆಸಿ ತೋರಿಸಿದರು. ಅಲಗಿನ ಮೇಲೆ ತುದಿಯಿಂದ ಬುಡದವರೆಗೆ ಸಣ್ಣ ಸಣ್ಣ ಗೆರೆ, ತೆಂಗಿನಗುಂಡಿಯ ಕಡಲಂಚಿನಲ್ಲಿ ನೀರು ಇಳಿದ ಮೇಲೆ ಮರಳಿನಲ್ಲಿ ಉಳಿಯುತ್ತದಲ್ಲ, ಹಾಗೆ. ಕೆತ್ತಿದ್ದಲ್ಲ, ಬರೆದದ್ದಲ್ಲ, ಉಕ್ಕಿನೊಳಗಿನಿಂದಲೇ ಬಂದದ್ದು. ಇಂಥ ಉಕ್ಕಿನ ಬಿಲ್ಲೆಗಳನ್ನು ಹಿಂದೆ ನಮ್ಮ ದಕ್ಷಿಣದ ಸೀಮೆಯಲ್ಲೇ ಕರಗಿಸಿ ಹಡಗಿನಲ್ಲಿ ಅರಬ್ಬರ ದೇಶಕ್ಕೆ ಕಳಿಸುತ್ತಿದ್ದರು, ಅಲ್ಲಿ ಅದನ್ನು ಬಡಿದು ಕತ್ತಿ ಮಾಡಿದ್ದರಿಂದ ಲೋಕವೆಲ್ಲ ಅದನ್ನು ದಮಾಸ್ಕಸ್ ಅಂದಿತು ಎಂದು ಹೇಳುತ್ತಾರೆ. ಸಾಹೇಬರೂ ಅದನ್ನೇ ಹೇಳಿದರು. ಮಾಸ್ತರು ಮಧ್ಯಾಹ್ನವಿಡೀ ಆ ಚೂರಿಯನ್ನು ಬಿಡದೆ ಹಿಡಿದುಕೊಂಡು ಕೂತರಂತೆ. ಸಂಜೆ ಮನೆಯ ವಾರಸುದಾರರು ಬಂದು ಕೇಳಿ ಪಡೆದರು. ಮರುವಾರ ಅದು ದುಬೈ ಸೇರಿತು.

"ನಮ್ಮ ಕಬ್ಬಿಣ, ಅವ್ರ ಊರಿನ ಹೆಸ್ರು! ಎಂತ ಅನ್ಯಾಯ ಅಕ್ಕೋರೆ ಇದು?" ಎಂದು ಅವತ್ತು ಪಾಗಾರದ ಆಚೆ ನಿಂತು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಹೆಸರಿಟ್ಟವಳು ನಾನೇ ಏನೋ ಎಂಬ ಹಾಗೆ.

ಆಮೇಲೆ ಬಂತು ಅವರ ನಿವೃತ್ತಿಯ ಸಮಾರಂಭ. ಹಾರ ಹಾಕಿಸಿಕೊಂಡು ಎರಡು ಮಾತಾಡಿ ಕೂರಬೇಕಪ್ಪ. ಇವರು ಮೈಕು ಹಿಡಿದು, "ಬರೂ ಆಯುಧಪೂಜೆಗೆ ಗೆರೆ ಇರೂ ಕತ್ತಿ ಮಾಡಿ ಇದೇ ಮೇಜಿನ ಮೇಲೆ ಇಡ್ತೆ. ಆಗ್ಲಿಲ್ಲಂದ್ರೆ ನಾ ಸುತ್ತಿಗೆ ಹಿಡ್ದದ್ದೇ ದಂಡ ಅಂತ ತಿಳ್ಕಳಿ" ಎಂದುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಆಯುಧಪೂಜೆ ಬಂತು, ಹೋಯಿತು. ಮತ್ತೊಂದು ಬಂತು, ಹೋಯಿತು. ಕುಮಟಾ ಬಸ್ಸಿನಲ್ಲಿ ಹಳೆಯ ಶಿಷ್ಯರು, "ಮಾಸ್ತರೆ, ಯಾವ ಆಯುಧಪೂಜೆ ಅಂತ ಹೇಳಿದ್ರಿ? ಈ ಯುಗದ್ದೇ ಅಲ್ದಾ?" ಎಂದು ಕಿಚಾಯಿಸುತ್ತಿದ್ದರು. ಅವರು ನಗುತ್ತಿದ್ದರು. ಮನೆಗೆ ಬಂದು ಊಟ ಬಿಟ್ಟು ಮಲಗುತ್ತಿದ್ದರು ಎಂದು ಅವರ ಹೆಂಡತಿ ನನಗೆ ಹೇಳಿದ್ದಾರೆ.

ಈಗ ಅಂಗಡಿಯಲ್ಲಿ, ಮೊಬೈಲಿನಲ್ಲಿ ದಮಾಸ್ಕಸ್ ಚಾಕು ಎಂದು ಮಾರುವುದೆಲ್ಲ ಬೇರೆ. ಎರಡು ಜಾತಿಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಕಾಸಿ, ಬಡಿದು, ಮಡಚಿ, ಮತ್ತೆ ಬಡಿಯುತ್ತಾರೆ. ಆಸಿಡ್ಡಿನಲ್ಲಿ ಅದ್ದಿದಾಗ ಪದರುಗಳು ಗೆರೆಯಾಗಿ ಕಾಣುತ್ತವೆ. ಮಾಸ್ತರಿಗೆ ಅದು ಎಡಗೈ ಕೆಲಸ. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನೂ ಗರಗಸದ ಅಲಗನ್ನೂ ಸೇರಿಸಿ ನನಗೇ ಒಂದು ಚಾಕು ಮಾಡಿಕೊಟ್ಟಿದ್ದರು. ಚಂದ ಇದೆ ಎಂದೆ. ಸಿಟ್ಟಾದರು. "ಇದು ಪತ್ರೊಡೆ ಅಕ್ಕೋರೆ. ಎಲೆ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಎಲೆ, ಸುತ್ತಿ ಬೇಯ್ಸಿ ಕೊಯ್ದ್ರೆ ಸುರುಳಿ ಕಾಣ್ತದೆ. ಇದ್ರಲ್ಲಿ ಎಂತ ದೊಡ್ಡಸ್ತಿಕೆ?"

ಅವರಿಗೆ ಬೇಕಾದದ್ದು ಹಳೆಯ ಕ್ರಮ. ಕಬ್ಬಿಣದ ಚೂರು, ಒಂದಿಷ್ಟು ಇದ್ದಿಲು, ಹಸಿ ಎಲೆ ಎಲ್ಲವನ್ನೂ ಮಣ್ಣಿನ ಮೂಸೆಯಲ್ಲಿ ತುಂಬಿ, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕರಗಿಸಬೇಕು. ಆಮೇಲೆ ನಿಧಾನಕ್ಕೆ ಆರಬೇಕು. ಜೋನಿಬೆಲ್ಲದ ಡಬ್ಬಿಯ ತಳದಲ್ಲಿ ತನ್ನಷ್ಟಕ್ಕೆ ಹರಳು ಕಟ್ಟುವ ಹಾಗೆ ಈ ಉಕ್ಕಿನೊಳಗೂ ಹರಳು ಕಟ್ಟುತ್ತದೆ. ಸಿಕ್ಕಿದ ಬಿಲ್ಲೆಯನ್ನು ಹದವಾಗಿ ಕಾಸಿ ಬಡಿಯುತ್ತ ಹೋದರೆ ಹರಳುಗಳು ಸಾಲುಗೂಡಿ ಗೆರೆಯಾಗುತ್ತವೆ. ಕಷ್ಟವಿರುವುದು ಆ ಹದದಲ್ಲಿ. ಹೆಚ್ಚು ಕಾದರೆ ಹರಳು ಕರಗಿಹೋಗುತ್ತದೆ, ಕತ್ತಿ ಉಳಿಯುತ್ತದೆ, ಗೆರೆ ಇರುವುದಿಲ್ಲ. ಕಾವು ಸಾಲದೆ ಬಡಿದರೆ ಬಿಲ್ಲೆ ಸೀಳುತ್ತದೆ. ನಡುವೆ ಇರುವ ಸಂದು ಬಹಳ ಸಣ್ಣದು.

ಆ ಸಂದನ್ನು ಅವರು ಬಣ್ಣದಲ್ಲಿ ಹಿಡಿಯುತ್ತಿದ್ದರು. ಕಲಿಸುವ ಕಾಲದಲ್ಲಿ ಬೇಸಿಗೆ ಬಂತೆಂದರೆ ಕುಲುಮೆಯ ಕೋಣೆಗೆ ಬುಟ್ಟಿಯಲ್ಲಿ ಹಣ್ಣು ತರುತ್ತಿದ್ದರು. ಕಾದ ಕಬ್ಬಿಣವನ್ನು ಚಿಮಟದಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮುರುಗಲು ಹಣ್ಣು ಎತ್ತಿ ಹಿಡಿದು, "ಈ ಕೆಂಪಿಗೆ ಬಂತಾ? ಹಂಗಾರೆ ಬಡೀರಿ. ಹಣ್ಣಡಿಕೆ ಬಣ್ಣಕ್ಕೆ ಹೋತಾ? ಹಂಗಾರೆ ಮನಿಗೆ ಹೋಗಿ" ಎನ್ನುತ್ತಿದ್ದರು. ಮುರುಗಲಿನದ್ದು ಕಡುಗೆಂಪು, ಹಣ್ಣಡಿಕೆಯ ಕೇಸರಿಗೆ ಏರಿತೆಂದರೆ ಕಾವು ಮೀರಿತು ಎಂದರ್ಥ. ಮುರುಗಲು ಹಣ್ಣನ್ನು ಕೊನೆಗೆ ಶಿಷ್ಯರೇ ತಿಂದು ಮುಗಿಸುತ್ತಿದ್ದರು. ಮುರುಗಲಿನ ಸಿಪ್ಪೆಯನ್ನು ಮಾತ್ರ ಅವರು ಮನೆಗೆ ತರುತ್ತಿದ್ದರು, ಸಾರಿಗೆ.

ಒಮ್ಮೆ ನನ್ನ ತಂಗಿಯ ಗಂಡ ದುಬೈಯಿಂದ ಬರುವಾಗ ಗೆರೆಯಿರುವ ಚಾಕುವೊಂದನ್ನು ವೆಲ್ವೆಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದು ಎಲ್ಲರಿಗೂ ತೋರಿಸುತ್ತಿದ್ದ. ಮಾಸ್ತರಿಗೆ ಕೊಡುವಾಗ ಕೈಗೇ ಕೊಡಲು ಹೋದ. ಇವರು ಕೈ ಹಿಂದೆಳೆದುಕೊಂಡು, "ಕತ್ತಿ ಕೈಯಿಂದ ಕೈಗೆ ಕೊಡೂದಲ್ಲ. ನೆಲಕ್ಕಿಡಿ" ಎಂದರು. ಇಟ್ಟ. ಎತ್ತಿಕೊಂಡು ಒಂದು ಕ್ಷಣ ನೋಡಿ, ಕಿಸೆಯಿಂದ ಪಾಲಿಶ್ ಪೇಪರ್ ತೆಗೆದು ಪರಪರ ಉಜ್ಜಿಯೇ ಬಿಟ್ಟರು. ಗೆರೆ ಎಲ್ಲ ಮಾಯ! ಬರೀ ಮೇಲಿನ ಚಿತ್ತಾರ ಅದು. "ನೋಡಿ, ಅಳ್ಸಿ ಹೋಗೂದು ಗೆರೆ ಅಲ್ಲ" ಎಂದು ಪೆಟ್ಟಿಗೆ ಸಮೇತ ನೆಲಕ್ಕಿಟ್ಟರು. ತಂಗಿಯ ಗಂಡ ಇವತ್ತಿಗೂ ನಮ್ಮ ಮನೆಗೆ ಬಂದರೆ ಪಾಗಾರದ ಕಡೆ ನೋಡುವುದಿಲ್ಲ. ನಾನು ಅವತ್ತು ನಕ್ಕದ್ದಕ್ಕೆ ತಂಗಿಯೂ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಳು.

ಹಿತ್ತಿಲಿನಲ್ಲಿ ಕುಲುಮೆ ಕಟ್ಟಿದ ಮೇಲೆ ಅವರಿಗೆ ಮೂಸೆಯೇ ನಿಲ್ಲಲಿಲ್ಲ. ಮೊದಮೊದಲು ಹೊಳೆಬಾಯಿಯ ಜೇಡಿಗೆ ಭತ್ತದ ಹೊಟ್ಟು ಕಲಸಿ ಮೂಸೆ ಮಾಡಿದರು. ಎಲ್ಲವೂ ಬೆಂಕಿಯಲ್ಲಿ ಕುಸಿದು ಮುದ್ದೆಯಾದವು. ಉಬ್ಬರದ ನೀರು ನುಗ್ಗುವ ಜಾಗದ ಮಣ್ಣು, ಉಪ್ಪು ಇರುತ್ತದೆ, ಅದೇ ಕರಗಿಸುತ್ತಿದೆ ಎಂದು ನಾನು ಹೇಳಿದೆ. "ನೀವು ಬಾಟ್ಲಿಯಲ್ಲಿರೂ ಉಪ್ಪಿನ ಪಾಠ ಮಾಡಿ, ಮಣ್ಣಿನ ವಿಷ್ಯ ನಂಗೆ ಬಿಡಿ" ಎಂದು ಗದರಿದರು. ಎರಡು ವಾರದ ಮೇಲೆ ಘಟ್ಟದ ಬುಡದ ಮಣ್ಣು ತರಿಸಿ ಮೂಸೆ ಮಾಡಿದಾಗ ಅದು ನಿಂತಿತು. ಉಪ್ಪಿನ ವಿಷಯ ತಮಗೆ ತಾನೇ ಹೊಳೆಯಿತು ಎಂದು ಕೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಮೈಯೆಲ್ಲ ಉರಿಯಿತು ನನಗೆ.

ಬಿಲ್ಲೆಗಳು ಬಂದವು. ಬಡಿದು ಅಲಗು ಮಾಡಿದರು. ಆಸಿಡ್ ಹಾಕಿ ನೋಡುವುದು ನನ್ನ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಅವರು ಆಸಿಡ್ ಅನ್ನುತ್ತಿದ್ದ ಫೆರಿಕ್ ಕ್ಲೋರೈಡು ನನ್ನದು. ಗೆರೆ ಬರಲಿಲ್ಲ. ಅಂಗಡಿಯ ಸಳಿ, ಅಂದರೆ ಸರಳಿನ ಕಬ್ಬಿಣವಾದ್ದರಿಂದ ಹಾಗೆ ಎಂದರು. ಆ ಮಾತಿನಲ್ಲಿ ಅರ್ಥವೂ ಇತ್ತು. ಹಳೆಯ ಕಬ್ಬಿಣದಲ್ಲಿ ವನೇಡಿಯಂ ಎಂಬ ಧಾತು ಚಿಟಿಕೆಗಿಂತ ಕಡಿಮೆಯಾದರೂ ಇರುತ್ತಿತ್ತು, ಗೆರೆ ಕಟ್ಟಲು ಅದು ಬೇಕು ಎಂದು ನಾನೂ ಓದಿದ್ದೆ. ಅದನ್ನು ಹೇಳಿದ್ದೇ ತಡ, ಮಾಸ್ತರು ಭಟ್ಕಳಕ್ಕೆ ಓಡಿದರು. ಸಾಹೇಬರು ಅವತ್ತಿನಿಂದ ಹಳೆ ಮನೆ ಒಡೆದಲ್ಲೆಲ್ಲ ಕೈಯಲ್ಲಿ ಬಡಿದ ಕೀಲು, ಚಿಲಕ, ಮೊಳೆ ಆರಿಸಿ ಇವರಿಗೆಂದೇ ತೆಗೆದಿಟ್ಟರು. ತೆಂಗಿನಗುಂಡಿಯಲ್ಲಿ ಮುರಿದುಬಿದ್ದ ಹಳೇ ಮಚವೆ ದೋಣಿಯೊಂದರ ಮೊಳೆಗಳೂ ಬಂದವು. ಗೋಣಿಚೀಲ ಇಳಿಸಿಕೊಳ್ಳುವಾಗ ಮಾಸ್ತರ ಮುಖ ನೋಡಬೇಕಿತ್ತು, ತವರಿಂದ ಬುತ್ತಿ ಬಂದವರ ಹಾಗೆ.

ಆ ಕಬ್ಬಿಣದ ಬಿಲ್ಲೆಗಳೂ ಕೈಕೊಟ್ಟವು. ಪ್ರತಿ ಸಲವೂ ಅದೇ. ಅಲಗು ಒಳ್ಳೆಯದೇ ಆಗುತ್ತಿತ್ತು, ಬಾಯಿ ಹಿಡಿಯುತ್ತಿತ್ತು, ಆಸಿಡ್ಡಿನಲ್ಲಿ ಅದ್ದಿದರೆ ಮಾತ್ರ ಬೋಳು ಬೂದಿಬಣ್ಣ. ಮಾಸ್ತರು ಅದನ್ನು ಬೆಳಕಿಗೆ ಹಿಡಿದು ಆಚೆ ಈಚೆ ತಿರುಗಿಸಿ, "ಕಬ್ಬಿಣ ಸಮ ಇಲ್ಲ" ಎನ್ನುತ್ತಿದ್ದರು. ಈ ಮನೆಯದ್ದು ಸಮ ಇಲ್ಲ, ಆ ಮನೆಯದ್ದು ನೋಡುವ. ಮಚವೆಯದ್ದು ಉಪ್ಪು ತಿಂದಿದೆ, ಮಸೀದಿ ಹಿಂದಿನ ಮನೆಯದ್ದು ನೋಡುವ. ಹೆಚ್ಚು ಕಾಯುತ್ತಿದೆಯೋ ಏನೋ ಎಂದು ಒಂದು ಸಲ ಬಾಯಿ ಬಿಟ್ಟೆ. "ಬಣ್ಣ ನಂಗೆ ಹೇಳ್ಬೇಡಿ ಅಕ್ಕೋರೆ" ಎಂದರು, ಅವತ್ತು ದನಿ ಏರಿಸದೆ. ಬಿಸಿ ಅಳೆಯುವ ಉಪಕರಣವನ್ನು ಕಾಲೇಜಿನಿಂದ ತಂದುಕೊಟ್ಟೆ. ಕಾದ ಉಕ್ಕಿನ ಮೇಲೆ ಕಪ್ಪು ಸಿಪ್ಪೆ ಏಳುತ್ತದಲ್ಲ, ಅದರ ಮೇಲೆ ಹಿಡಿದಾಗೊಂದು, ಸಿಪ್ಪೆ ಉದುರಿದಾಗೊಂದು ತೋರಿಸಿತು. ಅವರು ಅದನ್ನು ಮರ್ಯಾದೆಯಿಂದ ಬಟ್ಟೆಯಲ್ಲಿ ಸುತ್ತಿ ವಾಪಸು ಕಳಿಸಿದರು.

ಇದೇ ಕಾಲಕ್ಕೆ ನಮ್ಮ ಮನೆಗೆ ಸುಣ್ಣಬಣ್ಣ ಆಯಿತು. ಮಾಸ್ತರು ಬಂದು ಗೋಡೆ ನೋಡಿ, "ಎಂತ ಅಕ್ಕೋರೆ, ಹೊಸ ಬಣ್ಣ ಅಂದ್ರಿ, ಎಲ್ಲ ಹಳದಿ ಹಿಡ್ದದಲ್ಲ! ಪೇಂಟರು ಮೋಸ ಮಾಡ್ದ" ಎಂದರು. ಗೋಡೆ ಹಾಲಿನಂತಿತ್ತು. ನಾನು ಅವರ ಚಾಳಿ ಗೊತ್ತಿದ್ದರಿಂದ ನಕ್ಕು ಬಿಟ್ಟೆ. ಅವರ ಹೆಂಡತಿ ನಗಲಿಲ್ಲ. ಮರುದಿನ ಒಬ್ಬರೇ ಪಾಗಾರದ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು, "ಅವ್ರಿಗೆ ಕಣ್ಣು ಕಾಣೂದಿಲ್ಲ ಅಕ್ಕೋರೆ. ಹೇಳೂದಿಲ್ಲ. ಮೊನ್ನೆ ಸಾರು ಅಂತ ಹುಳಿಗೆ ಒಗ್ಗರಣೆ ಹಾಕೂಕೆ ಬಂದ್ರು. ನನ್ನ ನೀಲಿ ಸೀರೆ ಹಸಿರು ಅಂತಾರೆ."

ಕಣ್ಣಿನ ಪೊರೆ. ಜೀವಮಾನವಿಡೀ ಬೆಂಕಿ ದಿಟ್ಟಿಸಿದವರಿಗೆ ಬೇಗ ಬರುತ್ತದೆಯಂತೆ. ಪೊರೆ ಬೆಳೆದ ಹಾಗೆ ಲೋಕವೆಲ್ಲ ಹಳದಿಯಾಗಿ ಮಂಕಾಗುತ್ತದೆ. ಕುಮಟಾದ ಡಾಕ್ಟರು ಆಪರೇಶನ್ ಆಗಲೇಬೇಕೆಂದರು. ಮಾಸ್ತರು, "ಕತ್ತಿ ಆಗ್ಲಿ, ಮತ್ತೆ ಕಣ್ಣು" ಎಂದು ಎದ್ದು ಬಂದರು. ಅವರಿಗಿದ್ದ ಹೆದರಿಕೆ ನನಗೆ ಆಗ ಅರ್ಥವಾಯಿತು. ಕಣ್ಣು ಹೋದೀತೆಂಬುದಕ್ಕಿಂತ, ಕಣ್ಣು ಹೋಗುವ ಮೊದಲು ಆ ಒಂದು ಕತ್ತಿ ಆಗದೆ ಉಳಿದೀತೆಂಬ ಹೆದರಿಕೆ. ಊರಿನ ಎದುರು ಆಡಿದ ಮಾತು, ಒಂದು ಮಧ್ಯಾಹ್ನ ಕೈಯಲ್ಲಿದ್ದು ಹೋದ ಚೂರಿ, ಎಲ್ಲವೂ ಅದರಲ್ಲಿತ್ತು. ಜೊತೆಗೆ ಕಬ್ಬಿಣವೂ ಮುಗಿಯುತ್ತ ಬಂದಿತ್ತು. ಸಾಹೇಬರು ಕೊನೆಯ ಚೀಲ ಇಳಿಸಿ, "ಮಾಸ್ತರ್ ಸಾಬ್, ಒಡೆಯೂಕೆ ಇನ್ನು ಹಳೇ ಮನೆ ಇಲ್ಲ. ಎಲ್ಲ ಕಾಂಕ್ರೀಟ್ ಆಯ್ತು. ನನಗೂ ಗುಜರಿ ಸಾಕಾಯ್ತು" ಎಂದು ಕೈ ಮುಗಿದು ಹೋದರು. ಆ ಚೀಲದಿಂದ ಸಿಕ್ಕಿದ್ದು ಒಂದೇ ಬಿಲ್ಲೆ.

ಅದನ್ನು ಬಡಿಯಲು ಹೊರಟಾಗ ಅವರ ಹೆಂಡತಿ ಕುಲುಮೆಗೆ ಗಾಳಿ ಊದುವ ಬ್ಲೋವರಿನ ವಾಯರು ಕಿತ್ತು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟರು. ಮಾಸ್ತರು ಮನೆಯೆಲ್ಲ ತಡಕಾಡಿ, ಕೂಗಾಡಿ, ಕೊನೆಗೆ ಸೋತು ಒಂದು ಕಣ್ಣಿಗೆ ಒಪ್ಪಿದರು. ಇನ್ನೊಂದಕ್ಕೆ ಆಮೇಲೆ ನೋಡುವ ಎಂದರು. ಆಪರೇಶನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಬಂದು ನಮ್ಮ ಜಗಲಿಯಲ್ಲಿ ನಿಂತು ಗೋಡೆ ನೋಡಿದರು. "ಇಷ್ಟು ಬಿಳೀನಾ ಇದು?" ಎಂದರು. ಅಷ್ಟೇ. ಅವತ್ತು ಅವರು ಅಡುಗೆಮನೆಯ ಒಳಗೆ ಬರಲಿಲ್ಲ.

ಮರುದಿನ ನನ್ನನ್ನು ಕರೆದರು. ಕುಲುಮೆ ಉರಿಯುತ್ತಿತ್ತು. ಬೆಂಕಿಯಲ್ಲಿ ಯಾವುದೋ ತುಂಡು ಸಳಿ ಇಟ್ಟು ಕಾಸಿ ಎದುರು ಹಿಡಿದಿದ್ದರು. ಬಲಗಣ್ಣು ಮುಚ್ಚಿ ನೋಡಿದರು, ತೆರೆದರು. ಎಡಗಣ್ಣು ಮುಚ್ಚಿ ನೋಡಿದರು. ಮತ್ತೆ ಬಲಗಣ್ಣು. ಸಳಿ ಆರಿ ಕಪ್ಪಾಗುವವರೆಗೂ ಹಾಗೇ ಮಾಡುತ್ತಿದ್ದರು.

"ಹಳೇ ಕಣ್ಣಲ್ಲಿ ಇದು ಮುರುಗಲು. ಹೊಸ ಕಣ್ಣಲ್ಲಿ ಹಣ್ಣಡಿಕೆ," ಎಂದರು. "ಎರಡ್ರಲ್ಲಿ ಯಾವ್ದು ಖರೆ ಅಕ್ಕೋರೆ?"

ಹೊಸ ಕಣ್ಣಿನದ್ದು ಖರೆ ಎಂದರೆ, ಇಷ್ಟು ದಿನ ಹಳೆ ಕಣ್ಣಿಗೆ ಮಂಕಾಗಿ ಕಂಡ ಹಣ್ಣಡಿಕೆ ಬಣ್ಣವನ್ನೇ ಮುರುಗಲು ಎಂದುಕೊಂಡು ಬಿಲ್ಲೆಗಳನ್ನು ಸುಟ್ಟಿರಿ ಎಂದು ಹೇಳಿದ ಹಾಗೆ. ಅವರೇ ಉತ್ತರ ಹೇಳಿಕೊಂಡರು. "ಈ ಹೊಸದು ಸುಳ್ಳು. ಪ್ಲಾಸ್ಟಿಕ್ ಅಲ್ದಾ, ಎಲ್ಲ ಜಾಸ್ತಿ ತೋರಿಸ್ತದೆ. ಕಬ್ಬಿಣ ಸಮ ಇರ್ಲಿಲ್ಲ, ಅಷ್ಟೇಯ." ಅಂದರೂ ಅವರ ಮುಖದಲ್ಲಿ ಆ ಗಟ್ಟಿತನ ಇರಲಿಲ್ಲ. ವಾದ ಮಾಡುವ ಮಾಸ್ತರನ್ನು ಸಹಿಸಬಹುದಿತ್ತು, ಆ ದಿನದ ಮುಖ ನೋಡಲಾಗಲಿಲ್ಲ ನನಗೆ.

ಕೊನೆಗೆ ಇನ್ನೊಂದು ಕಣ್ಣಿನದ್ದೂ ಆಯಿತು. ಹಳೆಯ ಬಣ್ಣ ನೋಡುವ ದಾರಿ ಇನ್ನಿರಲಿಲ್ಲ.

ಕೊನೆಯ ಬಿಲ್ಲೆ ಬಡಿದದ್ದು ಒಂದು ಮಧ್ಯಾಹ್ನ. ಬಣ್ಣ ತಿಳಿಯಲೆಂದು ಕುಲುಮೆಯ ಸೂರಿನಿಂದ ಸುತ್ತಲೂ ತಾಡಪಾಲು ಇಳಿಬಿಟ್ಟು ಕತ್ತಲೆ ಮಾಡಿದ್ದರು. ನಾನೂ ಅವರ ಹೆಂಡತಿಯೂ ಒಳಗೆ ಮೂಲೆಯಲ್ಲಿ ನಿಂತಿದ್ದೆವು. ಮೊದಮೊದಲು ಸುತ್ತಿಗೆಯ ಪೆಟ್ಟು ಸಣ್ಣಗೆ, ಸಮನಾಗಿ ಬೀಳುತ್ತಿತ್ತು. ಬಿಲ್ಲೆ ಉದ್ದವಾಗುತ್ತ ಬಂತು. ಆ ಹೊತ್ತಿಗೆ ಅವರ ಕೈ ಎಷ್ಟು ಚಂದ ಇತ್ತೆಂದರೆ, ಈ ಸಲ ಆದೀತು ಎಂದು ನಾನೇ ಒಳಗೊಳಗೆ ಹರಕೆ ಹೊತ್ತೆ. ಆದರೆ ಅವರು ಹೆದರಿದ್ದರು. ಹೊಸ ಕಣ್ಣಿಗೆ ಎಲ್ಲವೂ ಹಣ್ಣಡಿಕೆಯೇ. ಸುಟ್ಟೀತೆಂದು ಬೇಗ ಬೇಗ ಹೊರಗೆಳೆಯುತ್ತಿದ್ದರು. ಎಳೆದಾಗ ನನ್ನಂಥವಳ ಕಣ್ಣಿಗೂ ಅದು ಕಪ್ಪುಗೆಂಪಾಗಿ ಕಾಣುತ್ತಿತ್ತು. "ಇನ್ನೂ ಸ್ವಲ್ಪ ಬಿಡಿ ಮಾಸ್ತರೆ" ಎಂದೆ. ಕೇಳಿಸಿತೋ ಇಲ್ಲವೋ. ಸುತ್ತಿಗೆ ಬಿತ್ತು. ಗಡಿಗೆ ಒಡೆದ ಹಾಗೆ ಒಂದು ಸಣ್ಣ ಸದ್ದು, ಅಲಗು ನಡುವೆ ಸೀಳಿ ಎರಡಾಯಿತು.

ಅವರು ಕೂಗಲಿಲ್ಲ. ಡ್ರೈವರನ್ನು ಬಯ್ಯುವ, ಉಪ್ಪನ್ನು ಬಯ್ಯುವ ಮನುಷ್ಯ ಯಾರನ್ನೂ ಬಯ್ಯಲಿಲ್ಲ. ಸುತ್ತಿಗೆಯನ್ನು ಬಡಿಯುವ ಅಡಿಗಲ್ಲಿನ ಪಕ್ಕ ಒರಗಿಸಿಟ್ಟು ತಾಡಪಾಲು ಒಂದೊಂದೇ ಎತ್ತಿ ಕಟ್ಟಿದರು. ಹೆಂಡತಿ, "ಹೋಗ್ಲಿ ಬಿಡಿ, ಕಬ್ಬಿಣ ಸಮ ಇರ್ಲಿಲ್ಲ ಕಾಣ್ತದೆ" ಎಂದರು. ಅವರು ಹೂಂ ಎಂದರು.

ವಾರ ಕಳೆದು ಒಂದು ಬೆಳಿಗ್ಗೆ ಅವರು ಪಾಗಾರ ಸುತ್ತಿಕೊಂಡು ನಮ್ಮ ಹಿತ್ತಿಲಿಗೆ ಬಂದರು. ಮುರಿದ ಅಲಗಿನ ಒಂದು ತುಂಡನ್ನು ಉಜ್ಜಿ ಪಾಲಿಶ್ ಮಾಡಿ ತಂದಿದ್ದರು. ಒಗೆಯುವ ಕಲ್ಲಿನ ಮೇಲೆ ಇಟ್ಟರು.

"ಆಸಿಡ್ ಹಾಕಿ," ಎಂದರು.

"ಈಗ ಎಂತಕ್ಕೆ ಮಾಸ್ತರೆ? ಮುರಿದು ಹೋಯ್ತಲ್ಲ."

"ಹಾಕಿ ಅಂದೆ. ಸುಡ್ಲಿಲ್ಲ ಇದನ್ನ. ಸುಡದಿದ್ರೆ ಒಳಗೆ ಎಂತ ಇತ್ತು ಕಾಂಬ."

ನಾನು ಹಾಕಿದೆ. ಇಬ್ಬರೂ ಬಗ್ಗಿ ನೋಡುತ್ತ ನಿಂತೆವು. ಸ್ವಲ್ಪ ಹೊತ್ತು ಏನೂ ಇರಲಿಲ್ಲ, ಅದೇ ಬೂದಿಬಣ್ಣ. ಆಮೇಲೆ ಒಂದು ಅಂಚಿನಿಂದ ಕಪ್ಪೇರುತ್ತ ಬಂತು, ಕಪ್ಪಿನ ಮೇಲೆ ಬಿಳಿ ಎಳೆ. ಎಳೆಯ ಪಕ್ಕ ಎಳೆ. ನಾನು ನೀರು ಹೊಯ್ದೆ. ತೊಳೆದ ಮೇಲೆ ಅದು ಸ್ಪಷ್ಟವಾಗಿ ಕಂಡಿತು. ಬೆರಳುದ್ದದ ಆ ತುಂಡಿನ ತುಂಬ ಗೆರೆ, ಸೀಳಿದ ಅಂಚಿನವರೆಗೂ ಗೆರೆ. ಅಷ್ಟು ಚಂದದ್ದನ್ನು ನಾನು ಪುಸ್ತಕದ ಚಿತ್ರದಲ್ಲೂ ನೋಡಿರಲಿಲ್ಲ. ನನಗೆ ಖುಷಿ ತಡೆಯಲಾಗಲಿಲ್ಲ. "ಬಂತು ಮಾಸ್ತರೆ! ಬಂತು!" ಎಂದು ಕೂಗಿದೆ.

ಅವರು ಬಗ್ಗಿದವರು ಏಳಲಿಲ್ಲ. ಆ ಹೊಸ ಕಣ್ಣುಗಳಿಂದ ಬಹಳ ಹೊತ್ತು ಅದನ್ನೇ ನೋಡಿದರು.

"ಕಬ್ಬಿಣ ಸಮ ಇತ್ತು," ಎಂದರು. ಆಮೇಲೆ, "ಅವೆಲ್ಲಾನೂ ಸಮ ಇದ್ದಿದ್ದೇಯ. ಮಚವೆದು, ಮಸೀದಿ ಹಿಂದಿಂದು. ಎಲ್ಲ ನಾನೇ ಸುಟ್ಟೆ."

ಇನ್ನೊಮ್ಮೆ ಮಾಡಿ, ಎಲ್ಲಾದರೂ ಕಬ್ಬಿಣ ಹುಡುಕುವ ಎಂದೆ. ಬಾಯಿಗೆ ಬಂದದ್ದು ಅದೊಂದೇ.

"ಎಲ್ಲಿಂದ ತರೂದು? ಬಣ್ಣ ಮತ್ತೆ ಮೊದ್ಲಿಂದ ಕಲೀಬೇಕು. ಕಲಿಯೂಕೆ ಸುಡ್ಬೇಕು. ಅಷ್ಟು ಕಬ್ಬಿಣಾನೂ ಇಲ್ಲ, ನಾನೂ ಅಷ್ಟು ದಿನ ಇರೂದಿಲ್ಲ," ಎಂದರು. ಸೀಳಿದ ಅಂಚಿಗೆ ಹೆಬ್ಬೆರಳಿನ ಉಗುರು ತಾಗಿಸಿ, "ಇಲ್ಲೀವರೆಗೆ ತಪ್ಪನ್ನ ಕಬ್ಬಿಣದ ಮೇಲೆ ಹಾಕ್ತಿದ್ದೆ. ಇನ್ನು ಯಾರ ಮೇಲೆ ಹಾಕೂದು ಅಕ್ಕೋರೆ?" ಎಂದರು.

ಆ ಮಾತು ಕೇಳಿ ನನಗೆ ಅಳು ಬಂತು. ಅವರ ಜಂಬವನ್ನು ಅಷ್ಟು ವರ್ಷ ಆಡಿಕೊಂಡವಳು ನಾನು. ಆ ಕ್ಷಣಕ್ಕೆ ಅದೆಲ್ಲ ಒಂದಿಷ್ಟಾದರೂ ಅವರಲ್ಲಿ ಉಳಿದಿರಬಾರದಿತ್ತೇ ಅನಿಸಿತು.

ಅಷ್ಟರಲ್ಲಿ ನನ್ನ ಕೂಗು ಕೇಳಿ ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪಾಗಾರದ ಆಚೆ ಬಂದು ನಿಂತರು. "ಎಂತ ಬಂತು? ಗೆರೆ ಬಂತಾ?"

ಮಾಸ್ತರು ತುಂಡನ್ನು ಒದ್ದೆಯಲ್ಲೇ ಎತ್ತಿ ಮುಷ್ಟಿಯಲ್ಲಿ ಹಿಡಿದು ಎದ್ದು ನಿಂತರು. ನನ್ನ ಮುಖ ನೋಡಿದರು. ಹಾಗೆ ಅವರು ನನ್ನನ್ನು ಬೇಡಿಕೊಂಡದ್ದು ಅದೊಂದೇ ಸಲ.

"ಎಂತಾ ಬರ್ಲಿಲ್ಲ," ಎಂದರು ಹೆಂಡತಿಗೆ. "ಕಬ್ಬಿಣ ಸಮ ಇಲ್ಲ."

"ನಾ ಅವತ್ತೇ ಹೇಳ್ದೆ," ಎಂದು ಅವರು ನಿಟ್ಟುಸಿರು ಬಿಟ್ಟರು. ಅದರಲ್ಲಿ ಸಮಾಧಾನವೇ ಇತ್ತು. ಗಂಡನಿಗೆ ತಿಂಡಿಗೆ ಬರಲು ಹೇಳಿ ಒಳಗೆ ಹೋದರು. ಆ ತುಂಡು ಆಮೇಲೆ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕುಲುಮೆಗೆ ಮತ್ತೆ ಬೆಂಕಿ ಹಾಕಲಿಲ್ಲ. ಮಾಸ್ತರು ಯಾರ ಮನೆಗೂ ಹೋಗುವುದನ್ನು ಬಿಟ್ಟರು, ಕೇರಿಯ ಕತ್ತಿಗಳೆಲ್ಲ ಮೊಂಡಾಗಿ ಹಾಯಾಗಿ ಮಣೆಯ ಮೇಲೆಯೇ ಇದ್ದವು. ಮುಂದಿನ ಆಯುಧಪೂಜೆಯ ಮೊದಲೇ ಅವರು ಹೋದರು. ಎದೆನೋವು ಎಂದರು.

ಉತ್ತರಕ್ರಿಯೆಯ ಊಟಕ್ಕೆ ಕುಮಟಾದಿಂದ ಹಳೆಯ ಶಿಷ್ಯರೆಲ್ಲ ಬಂದಿದ್ದರು, ಬಸ್ಸಿನಲ್ಲಿ ಕಿಚಾಯಿಸುತ್ತಿದ್ದವರೂ ಸೇರಿ. ಊಟವಾದ ಮೇಲೆ ಜಗಲಿಯಲ್ಲಿ ಮಾತು ಆ ಕತ್ತಿಯ ಕಡೆಗೇ ತಿರುಗಿತು. ಅವರಲ್ಲೊಬ್ಬರು, ಮಾಸ್ತರ ಕೈಯಲ್ಲೇ ಕೊನೆಗೆ ಏನೋ ಹದ ತಪ್ಪಿತ್ತೇನೋ ಎಂದು ಮೆಲ್ಲಗೆ ಅಂದರು. ಒಳಗಿದ್ದ ಹೆಂಡತಿಗೆ ಅದು ಕೇಳಿಸಿತು. ಬಾಗಿಲಿಗೆ ಬಂದು ನಿಂತರು.

"ಅವ್ರ ಕೈಯಲ್ಲಿ ಎಂತಾ ತಪ್ಪಿರ್ಲಿಲ್ಲ. ಕಬ್ಬಿಣ ಸಮ ಸಿಗ್ಲಿಲ್ಲ ಅಷ್ಟೇಯ. ಬೇಕಾದ್ರೆ ಅಕ್ಕೋರನ್ನ ಕೇಳಿ, ಆಸಿಡ್ ಹಾಕಿ ನೋಡ್ದವ್ರು ಅವ್ರೇಯ."

ಎಲ್ಲರೂ ನನ್ನ ಕಡೆ ತಿರುಗಿದರು.

"ಹೌದು," ಎಂದೆ. "ಕಬ್ಬಿಣ ಸಮ ಇರಲಿಲ್ಲ."